ಪದ ಪರಿಚಯ: ‘ಸ್ಥಿರ’ ಇಮ್ಮಡಿ ಎಮಲ್ಷನ್

‘ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ ತಯಾರಿಸಿದ್ದರಿಂದ ಈ ಇಮ್ಮಡಿ ಎಮಲ್ಷನ್ ಸ್ಥಿರವಾಗಿದೆ’ ಎಂಬ ಧಾಟಿಯ ವಾಕ್ಯ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಎಮಲ್ಷನ್ ಎಂದರೆ ಬೆರೆಯದ ಎರಡು ದ್ರವಗಳಲ್ಲಿ ಒಂದು ಇನ್ನೊಂದರೊಳಗೆ ಹನಿಹನಿಯಾಗಿ ಹರಡಿರುವ ಮಿಶ್ರಣ; ಮೈಕ್ರೋಫ್ಲೂಯಿಡಿಕ್ ಚಿಪ್ ಎಂದರೆ ಅತಿ ಸಣ್ಣ ನಾಳಗಳಲ್ಲಿ ದ್ರವ ಹರಿಸುವ ಸಾಧನ. ಚಿಪ್ ಕೊಡುವುದು ಹನಿಗಳ ಏಕರೂಪತೆಯನ್ನು. ಸ್ಥಿರತೆಯನ್ನು ಬೇರೆ ಕಡೆಯಿಂದ ತರಬೇಕು.

ಇಮ್ಮಡಿ ಎಂದರೆ ಎರಡು ಸಲ ಕಲಕಿದ್ದು ಎಂದಲ್ಲ, ಹನಿಯೊಳಗೆ ಹನಿ: ನೀರಿನ ಹನಿ, ಅದರ ಸುತ್ತ ಎಣ್ಣೆಯ ಪೊರೆ, ಅದರಾಚೆ ಮತ್ತೆ ನೀರು. ಬರಿದೇ ಕಲಕಿದರೆ ಒಂದರಲ್ಲಿ ಮೂರು ಒಳಹನಿ, ಇನ್ನೊಂದರಲ್ಲಿ ಮೂವತ್ತು. 2005ರಲ್ಲಿ ಹಾರ್ವರ್ಡ್‌ನ ಡೇವಿಡ್ ವೈಟ್ಜ್ ತಂಡ ಗಾಜಿನ ಸೂಕ್ಷ್ಮನಳಿಕೆಗಳನ್ನು ಒಂದರೊಳಗೊಂದು ಕೂರಿಸಿ, ಮೂರೂ ದ್ರವಗಳನ್ನು ಒಟ್ಟಿಗೆ ಹರಿಸಿ, ಒಂದೇ ಅಳತೆಯ ಜೋಡಿಹನಿಗಳನ್ನು ಒಂದೇ ಹಂತದಲ್ಲಿ ತೆಗೆದು ತೋರಿಸಿತು.

ಗೊಂದಲ ಹುಟ್ಟುವುದು ಇಲ್ಲಿಯೇ. ನಳಿಕೆಯ ತುದಿಯಲ್ಲಿ ಹನಿಗಳು ಒಂದೇ ಜಾಗದಲ್ಲಿ, ಒಂದೇ ಅಂತರದಲ್ಲಿ ಕಡಿದು ಬೀಳುತ್ತಿದ್ದರೆ ಹರಿವು ಸ್ಥಿರ. ಹರಿವಿನ ವೇಗ ಮಿತಿಮೀರಿದರೆ ದ್ರವ ಉದ್ದನೆಯ ಧಾರೆಯಾಗಿ ಎಲ್ಲೆಂದರಲ್ಲಿ ತುಂಡಾಗುತ್ತದೆ. ಇದು ಚಿಪ್‌ನೊಳಗಿನ ಮಾತು. ಸಂಗ್ರಹಿಸಿದ ಸೀಸೆಯಲ್ಲಿ ಹನಿ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅಲ್ಲಿಯೂ ‘ಸ್ಥಿರ’ ಎಂದರೆ ‘ನಿಧಾನವಾಗಿ ಕೆಡುತ್ತದೆ’ ಎಂದಷ್ಟೇ ಅರ್ಥ. ಉಷ್ಣಗತಿಶಾಸ್ತ್ರದ ಲೆಕ್ಕದಲ್ಲಿ ನಿಜಕ್ಕೂ ಸ್ಥಿರವಾಗಿರುವುದು ಮೈಕ್ರೋಎಮಲ್ಷನ್ ಎಂಬ ಬೇರೆಯೇ ಬಗೆಯ ಮಿಶ್ರಣ. ಹೆಸರಿನ ಹೋಲಿಕೆ ನೋಡಿ ಅದನ್ನೂ ಇಲ್ಲಿಗೆ ಎಳೆದು ತರುವವರಿದ್ದಾರೆ.

ಚಿಪ್‌ಗೆ ಸಲ್ಲಬೇಕಾದದ್ದು ಸಲ್ಲಲಿ: ಹನಿಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ಒಳಒತ್ತಡವೂ ಒಂದೇ, ಹಾಗಾಗಿ ಚಿಕ್ಕದು ಕರಗಿ ದೊಡ್ಡದು ಬೆಳೆಯುವ ಕಾಟ ತಗ್ಗುತ್ತದೆ. ಹನಿಗಳು ಒಂದಕ್ಕೊಂದು ಬೆರೆಯದಂತೆ ತಡೆಯುವುದು ಮಾತ್ರ ದ್ರವಗಳ ಗಡಿಯಲ್ಲಿ ನಿಲ್ಲುವ, ಸಾಬೂನಿನಂಥ ವಸ್ತುವಾದ ಸರ್ಫ್ಯಾಕ್ಟಂಟ್‌ನ ಕೆಲಸ. ಅದೂ ಎರಡು ಬಗೆಯದು ಬೇಕು: ಎಣ್ಣೆಯಲ್ಲಿ ಸ್ಪ್ಯಾನ್ 80ರಂಥದ್ದು, ಹೊರಗಿನ ನೀರಿನಲ್ಲಿ ಪಾಲಿವಿನೈಲ್ ಆಲ್ಕೋಹಾಲ್‌ನಂಥದ್ದು.

ಇಷ್ಟೆಲ್ಲ ಸರಿಯಿದ್ದೂ ಹನಿ ಒಡೆಯುವುದು ಆಸ್ಮಾಸಿಸ್‌ನಿಂದ, ಅಂದರೆ ಪೊರೆಯ ಮೂಲಕ ನೀರು ಹೆಚ್ಚು ಸಾಂದ್ರವಾದ ದ್ರಾವಣದ ಕಡೆಗೆ ಸರಿಯುವುದರಿಂದ. ಒಳಗೆ ಉಪ್ಪುನೀರು, ಹೊರಗೆ ಬರಿ ನೀರು ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಎಣ್ಣೆಯ ಪೊರೆ ಉಪ್ಪನ್ನು ತಡೆದರೂ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಹನಿ ಉಬ್ಬುತ್ತದೆ, ಪೊರೆ ಹಿಗ್ಗಿ ತೆಳುವಾಗುತ್ತದೆ, ಒಂದು ಗಳಿಗೆಯಲ್ಲಿ ಒಡೆದು ಒಳಗಿದ್ದದ್ದು ಹೊರನೀರಿನ ಪಾಲಾಗುತ್ತದೆ. ಹೊರಗಿನ ದ್ರಾವಣ ಹೆಚ್ಚು ಸಾಂದ್ರವಾಗಿದ್ದರೆ ಒಳಹನಿ ಕುಗ್ಗುತ್ತದೆ. ಎರಡೂ ಬದಿ ಸರಿದೂಗಿಸಲು ಹೊರಗೆ ಗ್ಲೂಕೋಸ್ ಹಾಕುತ್ತಾರೆ, ಆದರೆ ಶೇಕಡಾವಾರು ನೋಡಿ ಹಾಕಿದರೆ ಕೆಟ್ಟಿತು. ಇಲ್ಲಿ ಲೆಕ್ಕಕ್ಕೆ ಬರುವುದು ಕರಗಿದ ಕಣಗಳ ಸಂಖ್ಯೆ, ತೂಕವಲ್ಲ: ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ, ಗ್ಲೂಕೋಸ್ ಒಡೆಯುವುದಿಲ್ಲ. 0.15 ಮೋಲಾರ್ (ಲೀಟರಿಗೆ ಎಷ್ಟು ಮೋಲ್ ಎಂಬ ಅಳತೆ) ಉಪ್ಪಿಗೆ ಸುಮಾರು 0.3 ಮೋಲಾರ್ ಗ್ಲೂಕೋಸ್ ಬೇಕು, ಅಂದರೆ ಶೇ 0.9ಕ್ಕೆ ಎದುರಾಗಿ ಶೇ 5ಕ್ಕೂ ತುಸು ಹೆಚ್ಚು. ಈ ಲೆಕ್ಕ ಬಿಟ್ಟು ಚಿಪ್‌ನ ವಿನ್ಯಾಸವನ್ನು ದೂರುವುದು ಸೋಮಾರಿತನ.

ಸಾಂದ್ರತೆಯ ವ್ಯತ್ಯಾಸವೂ ಒಂದಿದೆ. ಒಳಹನಿ ಎಣ್ಣೆಗಿಂತ ಭಾರವಾಗಿದ್ದರೆ ಪೊರೆಯೊಳಗೆ ಕೆಳಕ್ಕೆ ಜಾರುತ್ತದೆ, ಪೊರೆ ಅಲ್ಲಿಯೇ ತೆಳುವಾಗುತ್ತದೆ, ಸಾಮಾನ್ಯವಾಗಿ ಒಡೆಯುವುದೂ ಅಲ್ಲಿಯೇ.