ಉಮಿಯೋ ಐಕೆ: ಯುರೋಪ್ ಗೆದ್ದ ಕ್ಲಬ್ ಎರಡನೇ ದರ್ಜೆಗೆ ಇಳಿದಿದ್ದು ಹೇಗೆ?

ಸ್ವೀಡನ್‌ನ ಫುಟ್‌ಬಾಲ್ ಕ್ಲಬ್ ಉಮಿಯೋ ಐಕೆಯ ಮಹಿಳಾ ತಂಡದ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಉತ್ತರ: ಬ್ರೆಜಿಲ್‌ನ ತಾರೆ ಮಾರ್ತಾ ಹೋದರು, ಕ್ಲಬ್ ಬಿತ್ತು. ಇಷ್ಟಕ್ಕೇ ಮುಗಿಸಿದರೆ ಲೆಕ್ಕ ಕೂಡುವುದಿಲ್ಲ. ಮಾರ್ತಾ ಬರುವ ಮೊದಲೇ ಈ ತಂಡ ಯುರೋಪ್ ಚಾಂಪಿಯನ್ ಆಗಿತ್ತು. ಅವರು ಹೋದ ಮೇಲೂ ಎಂಟು ಸೀಸನ್ ಮೇಲಿನ ಲೀಗ್‌ನಲ್ಲೇ ಉಳಿದಿತ್ತು. ಹಾಗಾದರೆ ನಡುವೆ ಆಗಿದ್ದೇನು?

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸ್ವೀಡನ್‌ನಲ್ಲಿ ಮಹಿಳಾ ಫುಟ್‌ಬಾಲ್ ಬೆಳೆದಿದ್ದು ದೊಡ್ಡ ಕ್ಲಬ್‌ಗಳಿಂದಲ್ಲ, 1966ರಲ್ಲಿ ಓಕ್ಸಾಬೆಕ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದಂಥ ತಂಡಗಳಿಂದ. 1973ರಲ್ಲಿ ಅಧಿಕೃತ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾಯಿತು, 1984ರಲ್ಲಿ ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿ ಯುರೋಪಿನ ಮೊದಲ ಮಹಿಳಾ ಕಪ್ ಸ್ವೀಡನ್‌ಗೆ ಬಂತು, 1988ರಲ್ಲಿ ಇಡೀ ದೇಶಕ್ಕೆ ಒಂದೇ ಲೀಗ್ ಆಯಿತು. ಉಮಿಯೋ ಐಕೆ 1917ರ ಕ್ಲಬ್, ಆದರೆ ಮಹಿಳಾ ತಂಡ ಕಟ್ಟಿದ್ದು 1985ರಲ್ಲಿ.

ಊರು ಎಲ್ಲಿದೆ ಅನ್ನೋದು ಮುಖ್ಯ. ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ 600 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಯೂನಿವರ್ಸಿಟಿ ಇರುವ ಸಾಧಾರಣ ಊರು. ಎದುರಾಳಿ ತಂಡಗಳಲ್ಲಿ ಹೆಚ್ಚಿನವು ದಕ್ಷಿಣದವು, ಅಂದರೆ ಹೊರಗಿನ ಪಂದ್ಯ ಬಂತೆಂದರೆ ಪ್ರಯಾಣ ಉದ್ದ, ಖರ್ಚೂ ಜಾಸ್ತಿ. ಬೆನ್ನಿಗೆ ಶ್ರೀಮಂತ ಪುರುಷರ ಕ್ಲಬ್ ಒಂದೂ ಇರಲಿಲ್ಲ.

ಇಂಥ ಊರಿನ ತಂಡ 2000, 2001, 2002ರಲ್ಲಿ ಸತತ ಮೂರು ಬಾರಿ ಸ್ವೀಡಿಷ್ ಲೀಗ್ ಗೆದ್ದಿತು! ಮಧ್ಯದಲ್ಲಿ ಆಟ ಕಟ್ಟುತ್ತಿದ್ದವರು ಮಾಲಿನ್ ಮೋಸ್ಟ್ರೋಮ್, ಮುಂದೆ ಗೋಲು ಹೊಡೆಯುತ್ತಿದ್ದವರು ಹನ್ನಾ ಯುಂಗ್‌ಬೆರ್ಗ್. 2002ರ ಒಂದೇ ಸೀಸನ್‌ನಲ್ಲಿ ಯುಂಗ್‌ಬೆರ್ಗ್ ಹೊಡೆದಿದ್ದು 39 ಗೋಲು. ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಸ್ವೀಡನ್‌ಗೆ ಮೊದಲ ಗೋಲು ತಂದುಕೊಟ್ಟವರೂ ಇವರೇ. ಆ ಪಂದ್ಯ ಗೋಲ್ಡನ್ ಗೋಲಿನಲ್ಲಿ (ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆಲ್ಲುವ ಆಗಿನ ನಿಯಮ) ಕೈತಪ್ಪಿತು, ಅದು ಬೇರೆ ಮಾತು.

ಯುರೋಪಿನ ಕ್ಲಬ್‌ಗಳಿಗೆ ಮಹಿಳಾ ಕಪ್ ಶುರುವಾಗಿದ್ದು 2001ರಲ್ಲಿ. ಮೊದಲ ಫೈನಲ್‌ನಲ್ಲಿ ಉಮಿಯೋ ಜರ್ಮನಿಯ ಫ್ರಾಂಕ್‌ಫರ್ಟ್ ಎದುರು 0-2ರಿಂದ ಸೋತಿತು. 2003ರಲ್ಲಿ ಡೆನ್ಮಾರ್ಕ್‌ನ ಫಾರ್ಚುನಾ ಯೋರಿಂಗ್ ತಂಡವನ್ನು ಎರಡು ಪಂದ್ಯ ಸೇರಿ 7-1ರಿಂದ ಸೋಲಿಸಿ ಕಪ್ ಎತ್ತಿತು. ಗಮನಿಸಿ, ಇದು ಮಾರ್ತಾ ಇಲ್ಲದ ಉಮಿಯೋ.

ಮಾರ್ತಾ ಬಂದಿದ್ದು 2004ರಲ್ಲಿ. ಬ್ರೆಜಿಲ್‌ನ ಅಲಾಗೋಸ್ ರಾಜ್ಯದ ಸುಡುಬಿಸಿಲಿನ ಪುಟ್ಟ ಊರು ದೋಯಿಸ್ ರಿಯಾಚೋಸ್‌ನ ಹುಡುಗಿ, ವಯಸ್ಸು 18, ಇಳಿದಿದ್ದು ಹಿಮದ ನಾಡಿಗೆ. ಕೆಲವೇ ತಿಂಗಳಲ್ಲಿ ಕೈಯಲ್ಲಿ ಯುರೋಪಿನ ಕಪ್! ಆ ವರ್ಷದ ಫೈನಲ್‌ನಲ್ಲಿ ಅದೇ ಫ್ರಾಂಕ್‌ಫರ್ಟ್ ತಂಡವನ್ನು ಸ್ಟಾಕ್‌ಹೋಮ್ ಹತ್ತಿರದ ರೋಸುಂಡಾದಲ್ಲಿ 3-0, ಅವರದೇ ಊರಲ್ಲಿ 5-0, ಒಟ್ಟು 8-0ರಿಂದ ಉಮಿಯೋ ಮಣಿಸಿತು. 2005ರಿಂದ 2008ರವರೆಗೆ ಸತತ ನಾಲ್ಕು ಲೀಗ್. 2006ರಿಂದ ಮೂರು ವರ್ಷ ಫಿಫಾದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಹೋಗಿದ್ದು ಈ ಕ್ಲಬ್ಬಿನ ಮಾರ್ತಾಗೆ.

ನನ್ನ ಪ್ರಕಾರ ಕಥೆ ತಿರುಗಿದ್ದು ಇದೇ ಒಳ್ಳೆಯ ಕಾಲದಲ್ಲಿ. 2007ರ ಯುರೋಪ್ ಕಪ್ ಫೈನಲ್‌ನ ಮೊದಲ ಪಂದ್ಯ ಉಮಿಯೋದಲ್ಲೇ ಇತ್ತು. ಆಟ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಆರ್ಸೆನಲ್‌ನ ಅಲೆಕ್ಸ್ ಸ್ಕಾಟ್ ದೂರದಿಂದ ಒದ್ದ ಚೆಂಡು ಒಳಗೆ ಹೋಯಿತು. ಲಂಡನ್ ಪಕ್ಕದ ಎರಡನೇ ಪಂದ್ಯದಲ್ಲಿ ಮಾರ್ತಾ ಇದ್ದರೂ ಒಂದು ಗೋಲೂ ಬರಲಿಲ್ಲ, ಕಪ್ ಆರ್ಸೆನಲ್ ಪಾಲಾಯಿತು. 2008ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ನ ಲಿಯೋನ್ ಎದುರು 1-1, 0-0. ಒಟ್ಟು ಸಮವಾದರೆ ಎದುರಾಳಿ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗುವ ಆಗಿನ ನಿಯಮದಂತೆ, ಅಲ್ಲಿ ಹೊಡೆದ ಆ ಒಂದು ಗೋಲಿನ ಬಲದಿಂದ ಉಮಿಯೋ ದಾಟಿತು. ಫೈನಲ್‌ನಲ್ಲಿ ಫ್ರಾಂಕ್‌ಫರ್ಟ್ ಗೆದ್ದಿತು, ಅಲ್ಲಿ ಎರಡನೇ ಪಂದ್ಯ ನೋಡಲು ಬಂದವರು 27 ಸಾವಿರಕ್ಕೂ ಹೆಚ್ಚು ಜನ.

ಆರ್ಸೆನಲ್, ಲಿಯೋನ್. ಎರಡೂ ಪುರುಷರ ದೊಡ್ಡ ಕ್ಲಬ್‌ಗಳ ಹೆಸರು ಹೊತ್ತ ತಂಡಗಳು. ಲಿಯೋನ್‌ನಲ್ಲಿ ಪುರುಷರ ಕ್ಲಬ್ ಮಹಿಳಾ ತಂಡವನ್ನು ತನ್ನೊಳಗೆ ಸೇರಿಸಿಕೊಂಡಿದ್ದು 2004ರಲ್ಲಿ, ಉಮಿಯೋ ಎರಡನೇ ಸಲ ಕಪ್ ಗೆದ್ದ ಅದೇ ವರ್ಷ. 2011ರಲ್ಲಿ ಅವರು ಯುರೋಪ್ ಚಾಂಪಿಯನ್, 2016ರಿಂದ 2020ರವರೆಗಂತೂ ಸತತ ಐದು ಸಲ. ಮೈದಾನ, ವೈದ್ಯರು, ಕೋಚ್‌ಗಳು, ಟಿವಿ ದುಡ್ಡು ಎಲ್ಲ ಮೊದಲೇ ಇರುವ ಮನೆಗೆ ಸೇರಿದ ತಂಡದ ಜತೆ ಸ್ಪಾನ್ಸರ್ ಹುಡುಕಿ ವರ್ಷ ದೂಡುವ ತಂಡ ಎಷ್ಟು ದಿನ ಓಡೀತು?

2009ಕ್ಕೆ ಅಮೆರಿಕದಲ್ಲಿ ಹೊಸ ವೃತ್ತಿಪರ ಲೀಗ್ ಶುರುವಾಯಿತು. ಮಾರ್ತಾ ಲಾಸ್ ಏಂಜಲೀಸ್‌ಗೆ ಹೋದರು. ಆ ಲೀಗ್ ಆಡಿದ್ದು ಮೂರೇ ಸೀಸನ್, 2012ರಲ್ಲಿ ಬಾಗಿಲು ಹಾಕಿತು. ಉಮಿಯೋ 2009ರಲ್ಲಿ ಸ್ವೀಡಿಷ್ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು, ಆಮೇಲೆ ಒಂದೊಂದೇ ಮೆಟ್ಟಿಲು ಕೆಳಗೆ. 2016ರಲ್ಲಿ ಎರಡನೇ ದರ್ಜೆಗೆ ಇಳಿಯಿತು. 2019ರಲ್ಲಿ ಹತ್ತಿತು, ಮರುವರ್ಷ ಇಳಿಯಿತು. 2021ರಲ್ಲಿ ಮತ್ತೆ ಹತ್ತಿ 2022ರಲ್ಲಿ ಮತ್ತೆ ಇಳಿಯಿತು.

ಇದು ಒಂದೇ ಊರಿನ ಕಥೆ ಆಗಿದ್ದರೆ ಆಡಳಿತ ಸರಿ ಇರಲಿಲ್ಲ ಅಂತ ಹೇಳಿ ಸುಮ್ನೆ ಇರಬಹುದಿತ್ತು. ಆದರೆ ಸ್ಟಾಕ್‌ಹೋಮ್ ಪಕ್ಕದ ಟೀರೆಸೊ ಕ್ಲಬ್ ನೋಡಿ. 2012ರಲ್ಲಿ ಮಾರ್ತಾ ಅಲ್ಲಿಗೆ ಬಂದರು, ಅದೇ ವರ್ಷ ಲೀಗ್ ಗೆದ್ದರು. 2014ರ ಮೇ ತಿಂಗಳಲ್ಲಿ ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ (ಯುರೋಪಿನ ಅದೇ ಮಹಿಳಾ ಕಪ್ಪಿನ ಹೊಸ ಹೆಸರು) ಫೈನಲ್‌ನಲ್ಲಿ ಜರ್ಮನಿಯ ವುಲ್ಫ್ಸ್‌ಬರ್ಗ್ ಎದುರು 2-0 ಮುಂದಿದ್ದು 3-4ರಿಂದ ಸೋತರು. ಅಷ್ಟರಲ್ಲಿ ಕ್ಲಬ್ಬಿನ ದುಡ್ಡು ಖಾಲಿ. ಕೆಲವೇ ವಾರಗಳಲ್ಲಿ ತಂಡ ಲೀಗ್ ಬಿಟ್ಟಿತು, ಆ ಸೀಸನ್‌ನ ಅವರ ಫಲಿತಾಂಶಗಳನ್ನೆಲ್ಲ ಅಳಿಸಿಹಾಕಿದರು. 2020ರಲ್ಲಿ ಗೋಥೆನ್‌ಬರ್ಗ್ ತಂಡ ಮೊದಲ ಸಲ ಲೀಗ್ ಗೆದ್ದು, ಅದೇ ಡಿಸೆಂಬರ್‌ನಲ್ಲಿ ತಂಡ ಮುಚ್ಚುತ್ತೇವೆ ಅಂದಿತು. ಜನ ಗಲಾಟೆ ಎಬ್ಬಿಸಿದ ಮೇಲೆ ಹೆಕ್ಕೆನ್ ಅನ್ನೋ ಪುರುಷರ ಕ್ಲಬ್ ಅದನ್ನು ವಹಿಸಿಕೊಂಡಿತು.

2007ರಲ್ಲಿ ಮಹಿಳಾ ತಂಡದಿಂದ ಬೇರೆಯಾದ ದೊಡ್ಡ ಪುರುಷರ ಕ್ಲಬ್ ಮಾಲ್ಮೋ ಎಫ್‌ಎಫ್ ಕೂಡ 2020ರಲ್ಲಿ ಹೊಸದಾಗಿ ಮಹಿಳಾ ತಂಡ ಕಟ್ಟಿ, 2025ಕ್ಕೆ ಮೇಲಿನ ಲೀಗ್ ತಲುಪಿದೆ. ಒಳ್ಳೆಯದೇ, ಆಟಗಾರ್ತಿಯರಿಗೆ ಸಂಬಳ, ಸೌಲಭ್ಯ ಸಿಗುತ್ತದೆ. ಆದರೆ ಯಾರೂ ನೋಡದ ಕಾಲದಲ್ಲಿ ಈ ಆಟವನ್ನು ಹೊತ್ತು ಬೆಳೆಸಿದ ಸಣ್ಣ ಕ್ಲಬ್‌ಗಳ ಪಾಲೆಷ್ಟು ಅಂತ ಲೀಗ್ ನಡೆಸುವವರು ಈಗಲಾದರೂ ಲೆಕ್ಕ ಹಾಕಬೇಕು, ಅಲ್ವಾ? 2004ರ ಆ ಉಮಿಯೋ ತಂಡದ ನಂತರ ಸ್ವೀಡನ್‌ನ ಯಾವ ಕ್ಲಬ್ಬೂ ಚಾಂಪಿಯನ್ಸ್ ಲೀಗ್ ಗೆದ್ದಿಲ್ಲ.