ಗೇಟಿನ ಪುಸ್ತಕದಲ್ಲಿ ಇರುವವರು ವರದಿಯಲ್ಲಿ ಯಾಕಿಲ್ಲ?

ಏಪ್ರಿಲ್ ಬಂತೆಂದರೆ ಕಂಪನಿಗಳ ಬಿಆರ್‌ಎಸ್‌ಆರ್ ವರದಿಯ, ಅಂದರೆ ಪರಿಸರ, ಕಾರ್ಮಿಕರು, ಸಮಾಜದ ಬಗ್ಗೆ ತಮ್ಮ ಹೊಣೆಗಾರಿಕೆಯ ಲೆಕ್ಕ ಕೊಡುವ ವರದಿಯ ಕರಡುಗಳು ನನ್ನ ಮೇಜಿಗೆ ಬರತೊಡಗುತ್ತವೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 1,000 ಕಂಪನಿಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿ ಇದನ್ನು 2022-23ರಿಂದ ಕಡ್ಡಾಯ ಮಾಡಿದೆ. ಅದರಲ್ಲಿ ‘ಕಾಯಂ ಅಲ್ಲದ ಕಾರ್ಮಿಕರು’ ಅಂತ ಒಂದು ಸಾಲಿದೆ. ಎಷ್ಟೋ ಕರಡುಗಳಲ್ಲಿ ಅದರ ಮುಂದೆ ಸೊನ್ನೆ.

ಕಂಟ್ರಾಕ್ಟ್ ಮೇಲೆ ದುಡಿಯುವವರು ಎಲ್ಲಿ ಅಂತ ಕೇಳಿದರೆ ಎಚ್‌ಆರ್‌ನವರದು ಒಂದೇ ಉತ್ತರ: “ಅವರು ನಮ್ಮವರಲ್ಲ ಮೇಡಂ, ಏಜೆನ್ಸಿ ಕಡೆಯವರು.”

ದಯವಿಟ್ಟು ಸೆಬಿಯ ಮಾರ್ಗಸೂಚಿ ಓದಿ. ಕಾಯಂ ಅಲ್ಲದವರಲ್ಲಿ ನೀವೇ ತೆಗೆದುಕೊಂಡವರೂ ಸೇರುತ್ತಾರೆ, ಕಂಟ್ರಾಕ್ಟರ್ ಮೂಲಕ ಬಂದವರೂ ಸೇರುತ್ತಾರೆ. ಸಂಬಳ ಯಾರ ಖಾತೆಯಿಂದ ಹೋಗುತ್ತದೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತಿತ್ತು.

ಆ ಒಂದು ಸೊನ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಎಷ್ಟು ಜನಕ್ಕೆ ಕನಿಷ್ಠ ವೇತನ, ಎಷ್ಟು ಜನಕ್ಕೆ ಅದಕ್ಕಿಂತ ಜಾಸ್ತಿ ಅಂತ ಕೇಳುತ್ತಾರೆ. ಅಲ್ಲೂ ಅವರಿಲ್ಲ. ಕೆಲಸದಲ್ಲಿ ಪೆಟ್ಟಾದವರ ಲೆಕ್ಕ ಕೇಳುತ್ತಾರೆ. ಅಲ್ಲೂ ಇಲ್ಲ. ಬಿದ್ದು ಕೈ ಮುರಿದುಕೊಂಡರೂ ವರದಿಯ ಪ್ರಕಾರ ಯಾರೂ ಬಿದ್ದಿಲ್ಲ!

ಬಯಲುಸೀಮೆಯ ಒಂದು ಸೋಲಾರ್ ಪ್ಲಾಂಟಿಗೆ ಹೋಗಿದ್ದೆ. ಇನ್ನೂ ಬೆಳಕು ಹರಿಯುತ್ತಿತ್ತು. ಟ್ರ್ಯಾಕ್ಟರ್ ಹಿಂದೆ ನೀರಿನ ಟ್ಯಾಂಕರ್, ಉದ್ದ ಕೋಲಿನ ಬ್ರಷ್ ಹಿಡಿದ ಹೆಂಗಸರು. ಬಿಸಿಲೇರಿದ ಮೇಲೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಅದಕ್ಕೇ ಇಷ್ಟು ಬೇಗ. ಒಬ್ಬಾಕೆ ಚಹಾ ಲೋಟ ನನ್ನ ಕೈಗಿಟ್ಟು, “ನಾಲ್ಕು ವರ್ಷದಿಂದ ಇಲ್ಲಿಗೇ ಬರ್ತಿದೀನಿ ಕಣಮ್ಮ” ಅಂದರು. ಗೇಟಿನ ಪುಸ್ತಕ ತೆರೆಸಿದೆ. ಪುಟ ಪುಟದಲ್ಲೂ ಅವರ ಹೆಬ್ಬೆಟ್ಟಿನ ಗುರುತು. ಆ ವರ್ಷದ ಕರಡಿನಲ್ಲಿ ಮಾತ್ರ ಸೊನ್ನೆ.

‘ಹಸಿರು ಉದ್ಯೋಗ’ ಅಂತ ಪುಟಗಟ್ಟಲೆ ಬರೆಯುವವರು ಪಾವಗಡದ ಸೋಲಾರ್ ಪಾರ್ಕನ್ನೂ ನೋಡಬೇಕು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದ ರೈತರಿಗೆ ಅದು ನಿಜಕ್ಕೂ ಆಸರೆ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ದುಡ್ಡು ಎಲ್ಲಿಂದ ಬರಬೇಕು? ಇಂಥವರಿಗೆ ಸಿಕ್ಕರೆ ಸಿಗುವುದು ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು. ಹೆಚ್ಚಾಗಿ ಕಂಟ್ರಾಕ್ಟ್ ಮೇಲೆ. ಅವರನ್ನೇ ಲೆಕ್ಕದಿಂದ ಬಿಟ್ಟರೆ ಹಸಿರು ಉದ್ಯೋಗ ಯಾರಿಗೆ ಸಿಕ್ಕಿತು ಅಂತ ಬರೆಯುತ್ತೀರಿ?

ಎಲ್ಲರನ್ನೂ ಕಣ್ಮುಚ್ಚಿ ಸೇರಿಸಿ ಅಂತಲ್ಲ. ಒಂದು ದಿನ ಬಂದು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿ ಹೋಗುವವರ ವಿಷಯ ಬೇರೆ ಇರಬಹುದು. ನಿಮ್ಮ ಒಪ್ಪಂದ ನೋಡದೆ ಅದನ್ನು ಹೇಳಲಾರೆ. ಈ ಸಲ ಕರಡಿನ ಜೊತೆ ಒಪ್ಪಂದದ ಪ್ರತಿ ಕಳಿಸಿ, ಗೇಟಿನ ಪುಸ್ತಕವನ್ನೂ ಕಳಿಸಿ. ಇಬ್ಬರೂ ಕೂತು ಎಣಿಸೋಣ.