ಹ್ಯಾಂಡೋವರ್: ಲೇಔಟಿನ ಪೈಪಿಗೆ ವಾರಸುದಾರರು ಯಾರು?

ಕಲಬುರಗಿಯ ಹೊರವಲಯದಲ್ಲಿ ಪ್ಲಾಟು ನೋಡಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು ಇದು: ‘ಎನ್‌ಎ ಆಗಿದೆ ಸರ್, ಯುಜಿಡಿ ಆಗಿದೆ, ವಾಟರ್ ಲೈನೂ ರೆಡಿ.’ ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ್ದು. ಯುಜಿಡಿ ಅಂದರೆ ಒಳಚರಂಡಿ. ಮಾರುವವರು ಹೇಳದೆ ಬಿಡುವ ಪದ ಒಂದಿದೆ, ಹ್ಯಾಂಡೋವರ್. ಕಡತದ ಕನ್ನಡದಲ್ಲಿ ಹಸ್ತಾಂತರ.

ನಮ್ಮ ಕಾಕಾ ಪ್ಲಾಟು ನೋಡುವಾಗ ನಾನು ಇದನ್ನೇ ಕೇಳಿದೆ. ‘ಪೈಪ್ ಹಾಕ್ಯಾರಲ್ಲೋ ತಮ್ಮಾ, ಇನ್ನೇನ್ ಬೇಕು?’ ಅಂದರು. ರಸ್ತೆ ಮಧ್ಯದ ಚೇಂಬರಿನ ಮುಚ್ಚಳ ಎತ್ತಿಸಿದೆವು. ಒಳಗೆ ಒಣ ಮಣ್ಣು, ಒಂದು ಹರಿದ ಚಪ್ಪಲಿ. ಇಳಿಜಾರು ಹಿಡಿದು ಕೊನೆಯ ಚೇಂಬರಿನ ತನಕ ನಡೆದೆವು. ಅದರಾಚೆ ಪೈಪೇ ಇಲ್ಲ, ತೊಗರಿ ಹೊಲ.

ಖಾಸಗಿ ಲೇಔಟಿನಲ್ಲಿ ರಸ್ತೆ, ನೀರಿನ ಪೈಪು, ಒಳಚರಂಡಿ ಎಲ್ಲವನ್ನೂ ಲೇಔಟ್ ಮಾಡುವವರೇ ತಮ್ಮ ಖರ್ಚಿನಲ್ಲಿ ಮಾಡಿಸಬೇಕು. ಮುಗಿದ ಮೇಲೆ ಅದು ನಗರಾಭಿವೃದ್ಧಿ ಪ್ರಾಧಿಕಾರದ ಮೂಲಕ ಮಹಾನಗರ ಪಾಲಿಕೆಯ ಕೈಗೆ ಹೋಗಬೇಕು. ಹೀಗೆ ಕೈ ಬದಲಾಗುವುದೇ ಹ್ಯಾಂಡೋವರ್. ಅಲ್ಲಿಯವರೆಗೆ ಆ ಲೇಔಟು ತಾನೇ ಒಂದು ಪುಟ್ಟ ಖಾಸಗಿ ಜಲಮಂಡಳಿ. ಬೋರು, ಮೋಟರು, ಓವರ್‌ಹೆಡ್ ಟ್ಯಾಂಕು, ವಾಲ್ವ್ ತಿರುಗಿಸುವ ಹುಡುಗ, ಎಲ್ಲ ಅದರದೇ. ಭೀಮಾ ನದಿಯ ಸರಡಗಿಯಿಂದಲೋ ಬೆಣ್ಣೆತೊರೆಯಿಂದಲೋ ಊರಿಗೆ ಬರುವ ನೀರಿಗೂ ಅದಕ್ಕೂ ಇನ್ನೂ ಸಂಬಂಧ ಕೂಡಿರುವುದಿಲ್ಲ.

ಲೆಕ್ಕ ಹಾಕಿದರೆ ಭಾರ ಗೊತ್ತಾಗುತ್ತದೆ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ಎಂಜಿನಿಯರುಗಳು ಹಿಡಿಯುತ್ತಾರೆ. ಮನೆಗೆ ಐದು ಜನರಂತೆ 200 ಮನೆಗೆ 1,35,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 27! ಇದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ವಾಪಸ್ ಬರುತ್ತದೆ, ಅಂದರೆ ಲಕ್ಷ ಲೀಟರಿಗೂ ಜಾಸ್ತಿ. ಅದು ಎಲ್ಲಿಗೆ ಹೋಗಬೇಕು? ಪಾಲಿಕೆಯ ಲೈನಿಗೆ, ಇಲ್ಲದಿದ್ದರೆ ಲೇಔಟಿನದೇ ಶುದ್ಧೀಕರಣ ಘಟಕಕ್ಕೆ. ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಪಾಲಿಕೆಯ ಲೈನ್ ಮೇಲಿದ್ದು ಲೇಔಟು ತಗ್ಗಿನಲ್ಲಿದ್ದರೆ ಪಂಪ್ ಮಾಡಿ ಏರಿಸುವುದೇ ದಾರಿ. ಆ ಪಂಪಿನ ಕರೆಂಟ್ ಬಿಲ್ ಯಾರದು ಅನ್ನುವಲ್ಲಿಗೆ ಜಗಳ ಶುರು.

‘ಸದ್ಯಕ್ಕೆ ಇಂಗುಗುಂಡಿ ಮಾಡಿಕೊಳ್ಳಿ’ ಅನ್ನುತ್ತಾರೆ. ಬೇರೆ ಕಡೆ ನಡೆದೀತು. ನಮ್ಮದು ಎರೆಮಣ್ಣು, ಮಳೆಗಾಲದಲ್ಲಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಇಂಗುವುದೇ ಇಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಅದೇ ಮಣ್ಣು ಪೈಪನ್ನೂ ಅಲುಗಾಡಿಸುತ್ತದೆ. ಕೆಳಗೆ ಮರಳೋ ಮುರುಮೋ ಹಾಸದೆ ಹಾಕಿದ ಪೈಪಿನ ಜೋಡಣೆ ಬಿಟ್ಟುಕೊಂಡರೆ ಆಶ್ಚರ್ಯವಿಲ್ಲ. ಪೈಪು ಮುಚ್ಚುವ ಮೊದಲು ನೋಡಿದವರಿಗಷ್ಟೇ ಇದು ಗೊತ್ತು.

ಒಂದು ಗೊಂದಲ ಇಲ್ಲಿ ಸಾಮಾನ್ಯ. ರಸ್ತೆ, ಪಾರ್ಕಿನ ಜಾಗವನ್ನು ಪ್ರಾಧಿಕಾರಕ್ಕೆ ಬರೆದುಕೊಟ್ಟ ಪತ್ರ ತೋರಿಸಿ ‘ಹ್ಯಾಂಡೋವರ್ ಆಯ್ತು’ ಅನ್ನುತ್ತಾರೆ. ಅದು ಬರೀ ಜಾಗ ಬಿಟ್ಟುಕೊಟ್ಟದ್ದು. ನಿರ್ವಹಣೆ ಯಾರು ವಹಿಸಿಕೊಂಡರು ಅನ್ನುವ ಆದೇಶವೇ ಬೇರೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಹೊಸ ಬಡಾವಣೆಗೆ ಖಾಸಗಿ ಕಂಪನಿಯೇ ಕಾಯಂ ಆಗಿ ನೀರು, ಒಳಚರಂಡಿ ನಡೆಸಬಹುದು. ಆದರೆ ಇಂಥ ಸೇವೆಗಳನ್ನು ನಿಯಂತ್ರಿಸುವ ರಾಜ್ಯದ ಆಯೋಗದಿಂದ ಅನುಮತಿ ಬೇಕು, ದರವನ್ನೂ ಆಯೋಗವೇ ನೋಡುತ್ತದೆ. ನಮ್ಮಲ್ಲಿ ಖಾಸಗಿಯವರ ಪಾತ್ರ ಮಧ್ಯಂತರದ್ದು. ತೊಂದರೆ ಏನೆಂದರೆ ಆ ಮಧ್ಯಂತರ ಮುಗಿಯುವುದೇ ಇಲ್ಲ.

ರೇರಾ ಅಂತ ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ ಇಲ್ಲಿ ಸ್ವಲ್ಪ ಕೈಹಿಡಿಯುತ್ತದೆ. ನಿವಾಸಿಗಳ ಸಂಘ ನಿರ್ವಹಣೆ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನ್ಯಾಯವಾದ ದರದಲ್ಲಿ ಲೇಔಟ್ ಮಾಡಿದವರೇ ನಡೆಸಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕೆಲಸದ ದೋಷ ತೋರಿಸಿದರೆ 30 ದಿನದಲ್ಲಿ ದುಡ್ಡು ಕೇಳದೆ ಸರಿಪಡಿಸಿಕೊಡಬೇಕು. ಅದಕ್ಕೇ ದೂರನ್ನು ಬಾಯಲ್ಲಿ ಹೇಳಬೇಡಿ, ತಾರೀಖು ಹಾಕಿ ಬರೆದು ಕೊಡಿ.

ಕಾಕಾ ಪ್ಲಾಟು ತಗೊಂಡೇ ಬಿಟ್ಟರು. ಆದರೆ ಮುಂಗಡ ಕೊಡುವ ಮೊದಲು ಕೊನೆಯ ಚೇಂಬರಿನ ಫೋಟೋ ತೋರಿಸಿ, ಪಾಲಿಕೆಯ ಲೈನಿಗೆ ಕೂಡಿಸುವ ಮಾತನ್ನು ಕರಾರಿನಲ್ಲಿ ಬರೆಸಿಕೊಂಡರು.